ಯಾರೂ ಏಳಲಿಲ್ಲ: ನಾಲ್ಕು ಸಾಲಿನ ಪದ್ಯ, ನಾಲ್ಕಂಕದ ಪ್ರಶ್ನೆ

ಅಂಕೋಲಾ ತಾಲ್ಲೂಕಿನ ಕಡಲಂಚಿನ ಒಂದು ಪ್ರೌಢಶಾಲೆ. ಒಂಬತ್ತನೇ ತರಗತಿ, ಕನ್ನಡ ಕಿರುಪರೀಕ್ಷೆ. ಪಠ್ಯದಲ್ಲಿಲ್ಲದ ಒಂದು ಸಣ್ಣ ಪದ್ಯ ಕೊಟ್ಟು, ‘ಭಾವಾರ್ಥ ಬರೆದು ಇದರಲ್ಲಿರುವ ಸಂಕೇತಗಳನ್ನು ವಿವರಿಸಿ’ ಎಂದು ಕೇಳಿದ್ದೆ. ನಾಲ್ಕು ಅಂಕ. ಒಬ್ಬ ಹುಡುಗಿಗೆ ಒಂದೇ ಅಂಕ ಕೊಟ್ಟೆ. ಇಡೀ ತರಗತಿಯಲ್ಲಿ ಪದ್ಯವನ್ನು ಸರಿಯಾಗಿ ಓದಿದವಳು ಅವಳೊಬ್ಬಳೇ ಎಂದು ನನಗೆ ಹೊಳೆಯಲು ಹನ್ನೊಂದು ದಿನ ಬೇಕಾಯಿತು. ಅಷ್ಟರಲ್ಲಿ ಏನೇನಾಯಿತು, ಆಮೇಲೆ ನಾನು ಏನು ಮಾಡಿದೆ, ಅದರಲ್ಲಿ ಯಾವುದು ಕೈಕೊಟ್ಟಿತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕನ್ನಡ ಕಲಿಸುವ ಬೇರೆಯವರಿಗೂ ಇಂಥದ್ದು ಆಗಿಯೇ ಇರುತ್ತದೆ. ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಗುತ್ತೇವೆ, ಬರೆಯುವುದಿಲ್ಲ.

ಪದ್ಯ ಇದು:

ಮಳೆ ಹಿಡಿಯಿತು. ದೋಣಿಯನ್ನು ದಡಕ್ಕೆ ಎಳೆದು
ಮಡ್ಲು ಹೊದಿಸಿ ಅಪ್ಪ ಮನೆಗೆ ಬಂದ.
ರಾತ್ರಿಯಿಡೀ ಕಡಲು ಕದ ಬಡಿಯಿತು.
ಯಾರೂ ಏಳಲಿಲ್ಲ.

ಬರೆದವನು ನಾನೇ. ಪ್ರಶ್ನೆಪತ್ರಿಕೆಯಲ್ಲಿ ಹೆಸರು ಹಾಕಿರಲಿಲ್ಲ. ನಾನು ಗದಗಿನ ಕಡೆಯವನು. ಎರೆಹೊಲ, ಜೋಳ, ದೂರದವರೆಗೂ ಸಪಾಟಾದ ಭೂಮಿ ನೋಡಿ ಬೆಳೆದವನು. ಇಲ್ಲಿಗೆ ವರ್ಗವಾಗಿ ಬಂದ ಹೊಸತರಲ್ಲಿ ದಿನಾ ಸಂಜೆ ದಂಡೆಗೆ ಹೋಗಿ ಕೂರುತ್ತಿದ್ದೆ. ಆಗ ಬರೆದದ್ದು ಈ ಪದ್ಯ. ‘ಮಡ್ಲು’ ಎಂಬ ಮಾತನ್ನು ಇಲ್ಲೇ ಕಲಿತೆ. ನಮ್ಮ ಕಡೆ ತೆಂಗಿನ ಗರಿ ಎನ್ನುತ್ತೇವೆ. ಹೊಸ ಅಂಗಿ ತೊಟ್ಟ ಹುಡುಗ ಊರೆಲ್ಲ ತಿರುಗುವ ಹಾಗೆ ಆ ಶಬ್ದವನ್ನು ತಂದು ಪದ್ಯದೊಳಗೆ ಕೂರಿಸಿದ್ದೆ. ಮಾದರಿ ಉತ್ತರವನ್ನೂ ನಾನೇ ಸಿದ್ಧ ಮಾಡಿದ್ದೆ: ದೋಣಿ ಅಂದರೆ ಬದುಕು, ಕಡಲು ಅಂದರೆ ಸಂಸಾರ, ದಡ ಅಂದರೆ ನೆಮ್ಮದಿ, ಕದ ಅಂದರೆ ಮನಸ್ಸು. ಒಂದೊಂದಕ್ಕೆ ಒಂದೊಂದು ಅಂಕ. ಲೆಕ್ಕ ಚೊಕ್ಕವಾಗಿತ್ತು.

ಇಂಥ ಪಟ್ಟಿ ಎಲ್ಲಿಂದ ಬರುತ್ತದೆ ಎಂದು ಕನ್ನಡ ಮಾಸ್ತರರಿಗೆ ಹೇಳಬೇಕಾಗಿಲ್ಲ. ದೀಪ ಜ್ಞಾನದ ಸಂಕೇತ, ಕತ್ತಲೆ ಅಜ್ಞಾನದ ಸಂಕೇತ, ಹಣತೆ ಆತ್ಮದ್ದು, ಗುಬ್ಬಚ್ಚಿ ಸ್ವಾತಂತ್ರ್ಯದ್ದು, ಮರ ಪರೋಪಕಾರದ್ದು. ಗೈಡಿನಲ್ಲಿ ಹೀಗೆ ಸಾಲುಸಾಲು ಇರುತ್ತವೆ. ಮಕ್ಕಳು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಾರೆ. ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ಕಂತಿನಲ್ಲಿ ಉತ್ತರ ಬರೆಯಿಸುವ ನಮ್ಮ ಪದ್ಧತಿಯಲ್ಲಿ ಮೊದಲೆರಡನ್ನು ಪುಸ್ತಕದಿಂದಲೇ ತುಂಬಬಹುದು. ಸ್ವಾರಸ್ಯಕ್ಕೆ ಮಾತ್ರ ಸ್ವಂತದ್ದೇನಾದರೂ ಬೇಕು. ಅಲ್ಲಿಗೆ ಈ ಪಟ್ಟಿ ಬಂದು ಕೂರುತ್ತದೆ. ಆ 31 ಉತ್ತರಪತ್ರಿಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ವಾಕ್ಯದಿಂದ ಶುರುವಾಗಿದ್ದವು: ‘ದೋಣಿಯು ಮಾನವನ ಬದುಕಿನ ಸಂಕೇತವಾಗಿದೆ.’ ಹಾಗೆ ಬರೆದವರಲ್ಲಿ ಏಳೆಂಟು ಮಕ್ಕಳ ಮನೆಯ ಮುಂದೆ ಆ ಹೊತ್ತಿಗೆ ನಿಜವಾದ ದೋಣಿ ಬೋರಲು ಬಿದ್ದಿತ್ತು.

ಆ ಹುಡುಗಿಯ ಉತ್ತರವನ್ನು ಹಾಗೇ ಕೊಡುತ್ತೇನೆ. ಕಾಗುಣಿತ ಒಂದೆರಡು ಕಡೆ ತಿದ್ದಿದ್ದೇನೆ, ಬೇರೇನೂ ಮುಟ್ಟಿಲ್ಲ.

‘ಮಳೆ ಬಂದ ಕಾರಣ ದೋಣಿ ಎಳೆದು ಇಟ್ಟಿದ್ದಾರೆ. ಇನ್ನು ದುಡ್ಡು ಬರುವುದಿಲ್ಲ. ರಾತ್ರಿಯಿಡೀ ಕಡಲು ಬಡಿಯಿತು ಎಂದು ಹೇಳಬೇಕಾದರೆ ಹೇಳುವವರಿಗೆ ನಿದ್ದೆ ಬಂದಿಲ್ಲ. ಮನೆಯಲ್ಲಿ ಎಲ್ಲರಿಗೂ ಎಚ್ಚರ ಇದೆ. ಆದರೂ ಏಳಲಿಲ್ಲ. ಸಾಲ ಕೇಳಲು ಬಂದವರಿಗೆ ಹೀಗೆ ಮಾಡುತ್ತಾರೆ.’

ಕೆಳಗೆ ಕೆಂಪು ಶಾಯಿಯಲ್ಲಿ ನಾನು ಬರೆದದ್ದು: ‘ಸಂಕೇತಗಳನ್ನು ವಿವರಿಸಿಲ್ಲ. ವಿಷಯಾಂತರ.’

ಅವಳು ಜಗಳಕ್ಕೆ ಬರಲಿಲ್ಲ. ಪತ್ರಿಕೆ ತೆಗೆದುಕೊಂಡು, ನಾಲ್ಕು ಮಡಿಕೆ ಮಾಡಿ, ಕಂಪಾಸ್ ಪೆಟ್ಟಿಗೆಯೊಳಗೆ ಹಾಕಿಟ್ಟಳು. ಮೊದಲು ಮಾತೆತ್ತಿದವನು ಬೇರೆ ಹುಡುಗ. ಅವನಿಗೆ ನಾಲ್ಕಕ್ಕೆ ನಾಲ್ಕು ಬಂದಿತ್ತು. ‘ಕಡಲು ಸಂಸಾರದ ಸಂಕೇತ’ ಎಂದು ಬರೆದವನೇ ಎದ್ದು ನಿಂತು, “ಸರ್, ಪರೀಕ್ಷೆಗೆ ಬರೆದದ್ದು ಹೌದು. ಆದ್ರೆ ಕಡಲು ಕದ ಬಡಿಯೂದು ಸಂಕೇತ ಅಲ್ಲ ಸರ್. ನಮ್ಮನೆ ಕದ ಬಡೀತದೆ” ಅಂದ. ತರಗತಿ ನಕ್ಕಿತು, ನಾನೂ ನಕ್ಕೆ. ಅವನು ನಗಲಿಲ್ಲ. ಅವನ ಮನೆ ಇರುವುದು ದಂಡೆಯ ಕೊನೆಯ ಸಾಲಿನಲ್ಲಿ. ಹಿಂದಿನ ವರ್ಷದ ಕಡಲ್ಕೊರೆತದಲ್ಲಿ ಅಂಗಳದ ತೆಂಗಿನಮರ ಎರಡು ಹೋಗಿದ್ದವು. ಕಲ್ಲು ಸುರಿದ ಮೇಲೂ ದೊಡ್ಡ ಅಲೆ ಎದ್ದ ರಾತ್ರಿ ಉಪ್ಪುನೀರು ಹೊಸ್ತಿಲವರೆಗೆ ಬರುತ್ತದಂತೆ. ನನ್ನ ಪಾಲಿಗೆ ಕಲ್ಪನೆಯಾಗಿದ್ದ ಸಾಲು ಅವನ ಮನೆಯಲ್ಲಿ ಜೂನ್ ತಿಂಗಳ ಸುದ್ದಿ.

ಆವತ್ತೇ ನಾನು ಎಚ್ಚರಗೊಳ್ಳಬೇಕಿತ್ತು. ‘ಹೌದಪ್ಪಾ, ಆದರೆ ಕವಿಗೆ ಒಳಗಿನ ಅರ್ಥ ಮುಖ್ಯ’ ಎಂದು ಹೇಳಿ ಕೂರಿಸಿದೆ. ಕವಿಯ ಪರವಾಗಿ ಮಾತಾಡುವುದು ಎಷ್ಟು ಸಲೀಸು, ಅದರಲ್ಲೂ ಕವಿ ತಾನೇ ಆಗಿದ್ದಾಗ!

ನನ್ನ ಕಣ್ಣು ತೆರೆಸಿದ್ದು ಘಟ್ಟದ ಮೇಲಿನಿಂದ ಬಂದ ಉತ್ತರ. ಶಿರಸಿ ತಾಲ್ಲೂಕಿನ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ಗೆಳೆಯನಿಗೆ ಪ್ರಶ್ನೆಪತ್ರಿಕೆ ಕಳಿಸಿದ್ದೆ. ನಮ್ಮದು ಕಾರವಾರ ಶೈಕ್ಷಣಿಕ ಜಿಲ್ಲೆ, ಅವರದು ಶಿರಸಿ ಶೈಕ್ಷಣಿಕ ಜಿಲ್ಲೆ. ಕಂದಾಯದ ಲೆಕ್ಕದಲ್ಲಿ ಎರಡೂ ಒಂದೇ ಉತ್ತರ ಕನ್ನಡ. ಆದರೆ ದೇವಿಮನೆ ಘಟ್ಟ ಹತ್ತಿದರೆ ಬದುಕೇ ಬೇರೆ. ಅವನು ಅದೇ ಪದ್ಯವನ್ನು ತನ್ನ ಮಕ್ಕಳಿಗೂ ಕೊಟ್ಟು ಕೆಲವು ಉತ್ತರಗಳ ಫೋಟೊ ವಾಟ್ಸಾಪಿನಲ್ಲಿ ಹಾಕಿದ. ಅಲ್ಲಿಯೂ ‘ದೋಣಿಯು ಮಾನವನ ಬದುಕಿನ’ ಧಾರಾಳವಾಗಿತ್ತು. ಗೈಡಿಗೆ ಘಟ್ಟ ಅಡ್ಡ ಬರುವುದಿಲ್ಲ. ಆದರೆ ಒಂದು ಮಗು ಬರೆದಿತ್ತು: ‘ನಮ್ಮಲ್ಲಿ ಕಡಲು ಇಲ್ಲ. ಕೊಳೆ ಬಂದ ವರ್ಷ ರಾತ್ರಿ ಮಳೆ ಹೀಗೇ ಬಡಿಯುತ್ತದೆ. ಅಪ್ಪ ಮಲಗಿರುತ್ತಾನೆ, ನಿದ್ದೆ ಮಾಡಿರುವುದಿಲ್ಲ.’

ಅಡಿಕೆ ತೋಟ ಗೊತ್ತಿಲ್ಲದವರಿಗೆ ಎರಡು ಮಾತು. ಮಳೆಗಾಲ ಹಿಡಿಯುವ ಮುಂಚೆ ಕೊನೆಗಳಿಗೆ, ಅಂದರೆ ಅಡಿಕೆ ಗೊನೆಗಳಿಗೆ, ಕೊಳೆ ತಡೆಯುವ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಕೆಲವರು ಪ್ಲಾಸ್ಟಿಕ್ಕಿನ ಕೊಟ್ಟೆ ಕಟ್ಟುತ್ತಾರೆ. ಮಳೆ ಬಿಡದೆ ಸುರಿದು, ಎರಡನೇ ಸಲ ಮರ ಹತ್ತಲು ಬಿಡುವು ಸಿಗದೆ ಹೋದರೆ ಕೊಳೆರೋಗ ಹಬ್ಬಿ ಹಸಿ ಅಡಿಕೆ ಉದುರತೊಡಗುತ್ತದೆ. ಮಳೆಯ ಸದ್ದು ಕೇಳುತ್ತ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗುವುದು ಅಲ್ಲಿನವರಿಗೆ ಹೊಸದಲ್ಲ.

‘ಮಲಗಿರುತ್ತಾನೆ, ನಿದ್ದೆ ಮಾಡಿರುವುದಿಲ್ಲ.’ ಇದನ್ನು ನಾನು ಎಲ್ಲೋ ಓದಿದ್ದೇನೆ ಅನ್ನಿಸಿತು. ಎಲ್ಲಿ ಎಂದು ನೆನಪಾದಾಗ ಮುಖಕ್ಕೆ ಬಿಸಿ ಏರಿತು. ಕಡಲು ಕಂಡ ಮಗು, ಕಡಲು ಕಾಣದ ಮಗು ಇಬ್ಬರೂ ಒಂದೇ ಕಡೆ ಬೆರಳಿಟ್ಟಿದ್ದರು. ಇಡೀ ರಾತ್ರಿ ಬಡಿಯಿತು ಎಂದು ಯಾರಿಗೆ ಗೊತ್ತಾಗುತ್ತದೆ? ನಿದ್ದೆ ಮಾಡಿದವರಿಗೆ ಗೊತ್ತಾಗುವುದಿಲ್ಲ. ಪದ್ಯದೊಳಗೆ ಒಬ್ಬರು ಎಚ್ಚರವಿದ್ದಾರೆ. ಬರೆದ ನನಗೇ ಅದು ಕಂಡಿರಲಿಲ್ಲ.

ಮಾರನೆಯ ದಿನ ಆ ಪದ್ಯವನ್ನು ಮತ್ತೆ ಕರಿಹಲಗೆಯ ಮೇಲೆ ಬರೆದೆ. ‘ಸಂಕೇತ’ ಎಂಬ ಮಾತನ್ನು ಈ ಪಾಠ ಮುಗಿಯುವವರೆಗೆ ಯಾರೂ ಆಡಬಾರದು, ಆಡಿದವರು ಹೊರಗೆ ಹೋಗಿ ಒಂದು ಲೋಟ ನೀರು ಕುಡಿದು ಬರಬೇಕು ಎಂದು ಕಟ್ಟಳೆ ಹಾಕಿದೆ. ಮೊದಲ ಹತ್ತು ನಿಮಿಷದಲ್ಲಿ ಮೂವರು ನೀರು ಕುಡಿದರು. ನಾಲ್ಕನೆಯವನು ನಾನು.

ಮೊದಲು ದೋಣಿಯದೇ ವಿಚಾರಣೆ. ಇದು ಯಾವ ದೋಣಿ? ಒಬ್ಬ ‘ಬೋಟು’ ಅಂದ. ತಕ್ಷಣ ನಾಲ್ಕಾರು ಜನ ಅವನ ಮೇಲೆ ಬಿದ್ದರು. ಟ್ರಾಲರ್ ಬೋಟನ್ನು ಅಪ್ಪ ಒಬ್ಬನೇ ಎಳೆಯಲಿಕ್ಕೆ ಬರುತ್ತದೋ? ಅದು ಬೇಲೇಕೇರಿಯಲ್ಲೋ ತದಡಿಯಲ್ಲೋ ಬಂದರಿನೊಳಗೆ ಸಾಲಾಗಿ ನಿಲ್ಲುತ್ತದೆ. ಮಡ್ಲು ಹೊದಿಸಿದ್ದಾರೆ ಅಂದರೆ ಸಣ್ಣದು, ಪಾತಿದೋಣಿ. ಹಾಗಾದರೆ ಸರ್ಕಾರದ ಮೀನುಗಾರಿಕೆ ನಿಷೇಧಕ್ಕೂ ಇದಕ್ಕೂ ಸಂಬಂಧ ಇಲ್ಲ ಎಂದು ಇನ್ನೊಬ್ಬಳು. ಅವಳ ಮಾತು ಸರಿ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ನಿಷೇಧ ಯಾಂತ್ರಿಕ ದೋಣಿಗಳಿಗೆ, ಹುಟ್ಟು ಹಾಕುವ ನಾಡದೋಣಿಗೆ ಅಲ್ಲ. ಅಂದರೆ ಈ ಅಪ್ಪನನ್ನು ಯಾರೂ ತಡೆದಿಲ್ಲ, ಕಡಲೇ ತಡೆದಿದೆ. ಬೇಕಾದರೆ ನಾಳೆ ಇಳಿಯಬಹುದು, ಇಳಿದರೆ ಜೀವಕ್ಕೆ ಅಪಾಯ. ಇಷ್ಟು ತಿಳಿದ ಮೇಲೆ ಮೂರನೆಯ ಸಾಲಿನ ಬಡಿತದ ಬಣ್ಣವೇ ಬದಲಾಯಿತು. ಹೊರಗಿನಿಂದ ಯಾರೋ ‘ಬಾ’ ಅಂತಲೂ ಕರೆಯುತ್ತಿರಬಹುದು.

ಗದಗಿನ ಮಾಸ್ತರನಿಗೆ ಇದೊಂದೂ ಗೊತ್ತಿರಲಿಲ್ಲ. ನನ್ನ ಮಾದರಿ ಉತ್ತರದಲ್ಲಿ ದೋಣಿ ತಟ್ಟನೆ ‘ಬದುಕು’ ಆಗಿಬಿಟ್ಟದ್ದಕ್ಕೆ ಇದೇ ಕಾರಣ ಇರಬೇಕು. ಆ ದೋಣಿಯಲ್ಲಿ ಒಂದು ದಿನವೂ ಕೂತವನಲ್ಲ ನಾನು.

ಎರಡನೆಯ ಸುತ್ತಿನಲ್ಲಿ ಒಂದು ಆಟ. ಪದ್ಯದ ಒಂದು ಶಬ್ದ ಒರೆಸಿ, ಹತ್ತಿರದ ಅರ್ಥದ ಇನ್ನೊಂದನ್ನು ಹಾಕುವುದು. ಏನು ಕಳೆಯಿತು ಎಂದು ಕೇಳುವುದು. ನಾನು ಇಷ್ಟು ವರ್ಷದಲ್ಲಿ ಮಾಡಿದ ಪಾಠಗಳಲ್ಲಿ ಇಷ್ಟು ಅಗ್ಗದ, ಇಷ್ಟು ಫಲ ಕೊಟ್ಟ ಉಪಾಯ ಇನ್ನೊಂದಿಲ್ಲ.

‘ಮನೆಗೆ ಬಂದ’ ಒರೆಸಿ ‘ಮನೆಗೆ ಹೋದ’ ಎಂದು ಬರೆದೆ. ಅರ್ಧ ನಿಮಿಷ ಮೌನ. ಆಮೇಲೆ ಮೂಲೆಯಿಂದ ಒಬ್ಬ: “ಹೋದ ಅಂದ್ರೆ ನೋಡೋರು ದಂಡೆ ಮೇಲೆ ನಿಂತಿದಾರೆ. ಬಂದ ಅಂದ್ರೆ ಮನೆ ಒಳಗಿದಾರೆ.” ಅಂದರೆ ಹೇಳುತ್ತಿರುವುದು ಮನೆಯೊಳಗಿನ ಮಗು. ದಂಡೆಯಲ್ಲಿ ಕೂತು ನೋಡಿದ ನಾನು ಬರೆಯುವಾಗ ಅದು ಹೇಗೋ ‘ಬಂದ’ ಎಂದಾಗಿತ್ತು. ಕನ್ನಡ ನನಗಿಂತ ಜಾಣ.

‘ಹೊದಿಸಿ’ ಒರೆಸಿ ‘ಮುಚ್ಚಿ’ ಎಂದು ಬರೆದೆ. ಪಾತ್ರೆಗೆ ಮುಚ್ಚುತ್ತಾರೆ, ಮಕ್ಕಳಿಗೆ ಹೊದಿಸುತ್ತಾರೆ ಎಂದು ಹುಡುಗಿಯರ ಸಾಲಿನಿಂದ ಒಂದೇ ಸಲಕ್ಕೆ ಬಂತು. ಹಾಗಾದರೆ ಅಪ್ಪ ದೋಣಿಯನ್ನು ಮಲಗಿಸಿ ಬಂದಿದ್ದಾನೆ. ಮಗು ಅದನ್ನು ಗಮನಿಸಿದೆ. ತನಗೆ ಹೊದಿಸಿದ ಮಾತೇ ಪದ್ಯದಲ್ಲಿಲ್ಲ ಎಂದು ಒಬ್ಬಳು ಹೇಳಿದಳು. ನನಗೆ ಅದು ಸ್ವಲ್ಪ ಎಳೆದದ್ದು ಅನ್ನಿಸಿತು, ಆದರೂ ಅಲ್ಲಗಳೆಯಲು ಆಧಾರ ಸಿಗಲಿಲ್ಲ.

‘ಏಳಲಿಲ್ಲ’ ಒರೆಸಿ ‘ತೆರೆಯಲಿಲ್ಲ’ ಎಂದು ಬರೆದೆ. ಇಷ್ಟು ಹೊತ್ತು ಸುಮ್ಮನಿದ್ದ ಆ ಒಂದಂಕದ ಹುಡುಗಿ ಈಗ ಬಾಯಿ ಬಿಟ್ಟಳು. “ತೆರೆಯಲಿಲ್ಲ ಅಂದ್ರೆ ಕದದ ಹತ್ರ ಹೋಗಿ ನಿಂತಿರಬಹುದು ಸರ್. ಏಳಲಿಲ್ಲ ಅಂದ್ರೆ ಅಲ್ಲಾಡ್ಲೇ ಇಲ್ಲ. ಅಲ್ಲಾಡಿದ್ರೆ ಹೊರಗಿನವರಿಗೆ ಗೊತ್ತಾಗ್ತದೆ.”

ಇದಕ್ಕಿಂತ ಒಳ್ಳೆಯ ಸ್ವಾರಸ್ಯವನ್ನು ನಾನು ಓದಿಲ್ಲ. ಕೂಡಲೇ ‘ನಿನಗೆ ಹೇಗೆ ಗೊತ್ತು?’ ಎಂದು ಕೇಳಲು ಬಾಯಿ ತೆರೆದವನು ಹೇಗೋ ತಡೆದುಕೊಂಡೆ. ಈ ಜಾಗದಲ್ಲಿ ಮಾಸ್ತರನಾದವನು ಬಹಳ ಹುಷಾರಾಗಿರಬೇಕು. ಮಗು ತನ್ನ ಮನೆಯಿಂದ ಅರ್ಥ ತರುತ್ತದೆ, ಮನೆಯ ಬಾಗಿಲು ತೆರೆಯಲು ಬಂದಿರುವುದಿಲ್ಲ. ‘ಪದ್ಯದಲ್ಲಿ ಎಲ್ಲಿದೆ, ತೋರಿಸು’ ಎಂದು ಮಾತ್ರ ಕೇಳಬೇಕು. ನಾನು ಹಾಗೇ ಕೇಳಿದೆ. ಅವಳು ಎದ್ದು ಬಂದು ‘ರಾತ್ರಿಯಿಡೀ’ ಎಂಬ ಶಬ್ದದ ಕೆಳಗೆ ಸೀಮೆಸುಣ್ಣದಿಂದ ಗೆರೆ ಎಳೆದು ಹೋಗಿ ಕೂತಳು.

ಎಲ್ಲ ಓದೂ ನಿಲ್ಲುವುದಿಲ್ಲ ಎಂಬುದೂ ಆವತ್ತೇ ತಿಳಿಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ, ‘ಅಪ್ಪ ಸತ್ತುಹೋಗಿದ್ದಾನೆ ಸರ್, ಮಡ್ಲು ಹೊದಿಸೋದು ಅಂದ್ರೆ ಹೆಣಕ್ಕೆ ಹೊದಿಸೋದು’ ಎಂದ. ತರಗತಿಗೆ ಬಹಳ ಇಷ್ಟವಾಯಿತು. ಒಂಬತ್ತನೇ ತರಗತಿಗೆ ಸಾವು ಯಾವಾಗಲೂ ಇಷ್ಟ. ಹೊದಿಸುವ ಮಾತು ಹೆಣಕ್ಕೂ ಸಲ್ಲುತ್ತದೆ, ನಿಜ. ಆದರೆ ಹೊದಿಸಿದವನು ಯಾರು? ಅಪ್ಪ. ಆಮೇಲೆ ನಡೆದು ಮನೆಗೆ ಬಂದವನೂ ಅವನೇ. ಪದ್ಯ ಅಪ್ಪನನ್ನು ಬದುಕಿಸಿಟ್ಟಿರುವಾಗ ನಾವು ಕೊಲ್ಲುವ ಹಾಗಿಲ್ಲ. ಹುಡುಗ ಸ್ವಲ್ಪ ಹೊತ್ತು ವಾದಿಸಿ, “ಹಾಗಾದ್ರೆ ದೋಣಿ ಸತ್ತಿದೆ” ಎಂದು ರಾಜಿಗೆ ಬಂದ. ಅದೂ ಪೂರ್ತಿ ನಿಲ್ಲಲಿಲ್ಲ. ಮಳೆಗಾಲ ಮುಗಿದ ಮೇಲೆ ಮಡ್ಲು ತೆಗೆಯುತ್ತಾರಲ್ಲ ಎಂದು ಬೇರೆಯವರು ಹೇಳಿದರು. ಇಲ್ಲಿ ಒಂದು ತಕರಾರು ನನಗೆ ಈಗಲೂ ಉಳಿದಿದೆ: ಮಳೆಗಾಲ ಮುಗಿಯುತ್ತದೆ ಎಂದು ಪದ್ಯದಲ್ಲೆಲ್ಲೂ ಇಲ್ಲ. ಅದನ್ನು ನಾವು ಹೊರಗಿನಿಂದ ತಂದದ್ದು. ಆ ಹುಡುಗನಿಗೆ ಇಷ್ಟನ್ನೂ ಹೇಳಬೇಕಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಗಂಟೆಗೆ ಮುಂಚೆ ಇನ್ನೊಂದು ನಡೆದಿತ್ತು. ಯಾರೋ ಒಬ್ಬ, ಪದ್ಯ ಬರೆದವರನ್ನೇ ಕೇಳಿದ್ರೆ ಗೊತ್ತಾಗ್ತಿತ್ತಲ್ಲ ಸರ್ ಎಂದ. ಬರೆದವನು ನಾನೇ ಎಂದು ಒಪ್ಪಿಕೊಂಡೆ. ಪಿಸುಪಿಸು ಎದ್ದಿತು. “ಹಾಗಾದ್ರೆ ನಿಮಗೆ ಎಷ್ಟು ಅಂಕ ಸರ್?”

ಎರಡು, ಎಂದೆ. ದೊಡ್ಡ ಮನಸ್ಸು ಮಾಡಿ.

ಮುಂದಿನ ವಾರ ‘ಸಂಕೇತ’ ಶಬ್ದಕ್ಕೆ ಹಾಕಿದ್ದ ಕಟ್ಟಳೆ ತೆಗೆದೆ. ಗೊಂದಲದ ಬೇರು ಆ ಶಬ್ದದಲ್ಲೇ ಇದೆ ಎಂದು ನನಗೆ ಅನುಮಾನ. ಕನ್ನಡದಲ್ಲಿ ನಾವು ಸಂಕೇತ, ಪ್ರತೀಕ, ಪ್ರತಿಮೆ, ರೂಪಕ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಮಕ್ಕಳ ಕೈಗೆ ಕೊಡುತ್ತೇವೆ. ಬಿಡಿಸಿ ಹೇಳಲು ಬಂದರಿನ ಕಡೆ ಹೋದೆ. ಗಾಳಿಮಳೆಯ ದಿನ ಬಂದರಿನಲ್ಲಿ ‘ಮೂರು ನಂಬರ್’ ಏರಿಸಿದ್ದಾರೆ ಎಂದು ಇಲ್ಲಿನ ಮಕ್ಕಳಿಗೆ ಗೊತ್ತು. ನಮ್ಮ ದೇಶದ ಬಂದರುಗಳಲ್ಲಿ ಬಿರುಗಾಳಿಯ ಎಚ್ಚರಿಕೆಗೆ ಒಂದರಿಂದ ಹನ್ನೊಂದರವರೆಗೆ ಸಂಕೇತಗಳಿವೆ. ಮೂರನೆಯದೆಂದರೆ ಬಂದರಿಗೆ ರಭಸದ ಗಾಳಿಯ ಭಯವಿದೆ ಎಂದರ್ಥ. ಹಗಲು ಆಕೃತಿಗಳನ್ನು ತೂಗುಹಾಕುತ್ತಾರೆ, ರಾತ್ರಿ ದೀಪಗಳನ್ನು. ಅದಕ್ಕೆ ಒಂದೇ ಅರ್ಥ. ಇಂದು ಒಂದು, ನಾಳೆ ಒಂದು ಆದರೆ ಜನ ಸಾಯುತ್ತಾರೆ. ಅಪ್ಪನ ಮೇಲೆ ಸಿಟ್ಟಿರುವವನಿಗೂ ಪ್ರೀತಿಯಿರುವವನಿಗೂ ಮೂರು ನಂಬರ್ ಎಂದರೆ ಮೂರು ನಂಬರ್. ಇದು ಸಂಕೇತ. ಗೈಡಿನ ಪಟ್ಟಿ ಪದ್ಯವನ್ನು ಮೂರು ನಂಬರಿನ ಹಾಗೆ ಓದುತ್ತದೆ. ಪದ್ಯದೊಳಗಿನ ದೋಣಿ ಹಾಗಲ್ಲ. ಅದು ಮೊದಲು ದೋಣಿಯಾಗಿ ಇರಬೇಕು, ಕೊನೆಯವರೆಗೂ ದೋಣಿಯಾಗಿಯೇ ಇದ್ದು, ಜೊತೆಗೆ ಇನ್ನೇನನ್ನೋ ಹೊರಬೇಕು. ಅದು ಪ್ರತೀಕ. ಕಣ್ಣಿಗೆ, ಕಿವಿಗೆ, ಮೈಗೆ ಮುಟ್ಟುವಂತೆ ಪದ್ಯ ತಂದಿಡುವ ಚಿತ್ರವೆಲ್ಲ ಪ್ರತಿಮೆ. ರಾತ್ರಿಯ ಬಡಿತ ಕೇಳಿಸಿತೇ? ಅಷ್ಟು ಸಾಕು, ಪ್ರತಿಮೆಯಾಯಿತು. ಅದು ಪ್ರತೀಕವಾಗಲೇಬೇಕೆಂದಿಲ್ಲ. ದಂಡೆ ಮನೆಯ ಹುಡುಗ ಹೇಳಿದ್ದು ಇದನ್ನೇ.

ಹಳಬರು ಇದನ್ನು ನಮಗಿಂತ ಚೆನ್ನಾಗಿ ಹೇಳಿದ್ದಾರೆ. ಒಂಬತ್ತನೇ ಶತಮಾನದ ಕಾಶ್ಮೀರದ ಆನಂದವರ್ಧನ ಧ್ವನಿಯ, ಅಂದರೆ ಮಾತು ನೇರವಾಗಿ ಹೇಳದೆ ಹೊಳೆಯಿಸುವ ಅರ್ಥದ, ಮಾತೆತ್ತಿದ. ಹನ್ನೊಂದನೇ ಶತಮಾನದ ಮಮ್ಮಟ ಅದಕ್ಕೆ ಒಂದು ಸೊಗಸಾದ ಉದಾಹರಣೆ ಕೊಡುತ್ತಾನೆ: ‘ಸೂರ್ಯ ಮುಳುಗಿದ.’ ಮಾತು ಇಷ್ಟೇ. ಕೇಳಿದವರು ಯಾರು ಎನ್ನುವುದರ ಮೇಲೆ ಶತ್ರುವಿನ ಮೇಲೆ ಬೀಳುವ ಹೊತ್ತಾಯಿತು, ಕೆಲಸ ನಿಲ್ಲಿಸೋಣ, ದನ ಒಳಗೆ ಹೊಡೆಯಿರಿ, ನಲ್ಲನ ಬಳಿ ಹೋಗುವ ಹೊತ್ತಾಯಿತು ಎಂದು ಬೇರೆ ಬೇರೆ ಹೊಳೆಯುತ್ತದೆ. ನಲ್ಲನನ್ನು ಬಿಟ್ಟು ಉಳಿದದ್ದನ್ನು ತರಗತಿಗೆ ಹೇಳಿದೆ. ಹೇಳುವ ಮುಂಚೆ ಕರಿಹಲಗೆಯ ಮೇಲೆ ‘ಹೊತ್ತು ಮುಳುಗಿತು’ ಎಂದು ಬರೆದು, ನಿಮ್ಮ ಮನೆಯಲ್ಲಿ ಹೀಗೆ ಯಾರಾದರೂ ಅಂದರೆ ಏನರ್ಥ ಎಂದು ಕೇಳಿದ್ದೆ. ಕೋಳಿ ಮುಚ್ಚು. ಬಲೆ ಹಾಕುವವರು ಹೊರಡಬೇಕು. ಟಿವಿ ಬಂದ್ ಮಾಡಿ ದೇವರಿಗೆ ದೀಪ ಹಚ್ಚು. ಹಾಲಕ್ಕಿ ಕೊಪ್ಪದಿಂದ ಬರುವ ಹುಡುಗಿ: ಕೊನೇ ಬಸ್ಸು ಹೋಯಿತು, ಇನ್ನು ನಡೆಯಬೇಕು. ಒಬ್ಬ ಮಾತ್ರ, ‘ನಮ್ಮಜ್ಜ ಹಾಗಂದ್ರೆ ಸುಮ್ನೆ ಹೇಳ್ತಾನೆ ಸರ್, ಏನೂ ಅರ್ಥ ಇಲ್ಲ’ ಅಂದ. ಅದಕ್ಕೂ ಜಾಗ ಬೇಕು. ಎಲ್ಲ ಮಾತಿನಲ್ಲೂ ಧ್ವನಿ ಹುಡುಕುತ್ತ ಹೋದರೆ ಊಟಕ್ಕೆ ಬಾ ಅಂದದ್ದೂ ಒಗಟಾಗುತ್ತದೆ.

ಒಗಟಿನ ಮಾತು ಬಂತು. ಮಕ್ಕಳು ಸಣ್ಣ ಪದ್ಯವನ್ನು ಒಗಟೆಂದುಕೊಳ್ಳುವುದು ಸಹಜ. ಎರಡೂ ಚಿಕ್ಕವು, ಎರಡೂ ಏನನ್ನೋ ಬಚ್ಚಿಡುತ್ತವೆ. ‘ನೀರಲ್ಲಿ ಹುಟ್ಟುತ್ತದೆ, ನೀರಲ್ಲಿ ಬೆಳೆಯುತ್ತದೆ, ನೀರು ಮುಟ್ಟಿದರೆ ಮಾಯವಾಗುತ್ತದೆ.’ ಉಪ್ಪು ಎಂದು ಇಡೀ ತರಗತಿ ಕೂಗಿತು. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಆಗರಗಳನ್ನು ಕಂಡ ಮಕ್ಕಳಿಗೆ ಇದೇನು ದೊಡ್ಡದು! ಉತ್ತರ ಸಿಕ್ಕ ಮೇಲೆ ಆ ಒಗಟು ಮತ್ತೆ ಬೇಕೇ ಎಂದು ಕೇಳಿದೆ. ತಮ್ಮನಿಗೆ ಕೇಳಲಿಕ್ಕೆ ಬೇಕು ಎಂದರು. ಸರಿಯೇ. ಹೊಸಬರಿಗೆ ಕೇಳಲಷ್ಟೇ ಬೇಕು, ತನಗಲ್ಲ.

ಅಂಕೋಲೆಯ ಮಕ್ಕಳಿಗೆ ಇನ್ನೊಂದು ಅಭ್ಯಾಸವೂ ಇದೆ, ಅದು ಚುಟುಕದ್ದು. ಇದು ದಿನಕರ ದೇಸಾಯಿಯವರ (1909–1982) ಊರಸೀಮೆ. ಅವರ ಚೌಪದಿ, ಅಂದರೆ ನಾಲ್ಕು ಸಾಲಿನ ಚುಟುಕ, ಇಲ್ಲಿ ಮನೆಮಾತು. ಚುಟುಕ ಸಾಮಾನ್ಯವಾಗಿ ಎದುರಿಗೆ ನಿಂತು ಮಾತಾಡುತ್ತದೆ, ನಾಲ್ಕನೇ ಸಾಲಿನಲ್ಲಿ ಚಿವುಟುತ್ತದೆ. ಅದನ್ನು ಓದಿ ಬೆಳೆದವರು ನನ್ನ ಪದ್ಯದ ನಾಲ್ಕನೇ ಸಾಲಿಗೆ ಬಂದು, ಚಿವುಟಿದ್ದು ಎಲ್ಲಿ ಎಂದು ಹುಡುಕಿದರು. ಕೆಲವರಿಗೆ ಪದ್ಯ ಮುಗಿದೇ ಇಲ್ಲ ಅನ್ನಿಸಿತು, ಪ್ರಿಂಟಿನಲ್ಲಿ ಸಾಲು ಬಿಟ್ಟುಹೋಗಿದೆಯೇನೋ ಎಂದೂ ಒಬ್ಬಳು ಕೇಳಿದಳು. ಎರಡೂ ಬೇರೆ ಜಾತಿಯ ಸಾಮಾನು, ಒಂದರ ಅಳತೆಗೋಲು ಇನ್ನೊಂದಕ್ಕೆ ಹಿಡಿಯಬಾರದು ಎಂದು ಹೇಳಿ ಮುಂದೆ ಹೋದೆ. ಇನ್ನೂ ಹೆಚ್ಚು ಹೊತ್ತು ಅಲ್ಲಿ ನಿಲ್ಲಬೇಕಿತ್ತೋ ಏನೋ.

ಅಂಕಗಳ ವಿಷಯ. ಒಬ್ಬಳ ಅಂಕ ತಿದ್ದಿದರೆ ಎಲ್ಲರದ್ದೂ ನೋಡಬೇಕಾಗುತ್ತದೆ ಎಂದು ಮುಖ್ಯಶಿಕ್ಷಕಿಯವರು ಹೇಳಿದರು, ನ್ಯಾಯವಾದ ಮಾತು. 31 ಪತ್ರಿಕೆಗಳನ್ನೂ ವಾಪಸು ತರಿಸಿ ಓದಿದೆ. ಆ ಹುಡುಗಿಗೆ ನಾಲ್ಕು. ‘ವಿಷಯಾಂತರ’ವನ್ನು ಕೆಂಪು ಶಾಯಿಯಲ್ಲೇ ಹೊಡೆದುಹಾಕಿ ಪಕ್ಕದಲ್ಲಿ ನನ್ನ ಸಹಿ ಮಾಡಿದೆ. ಇನ್ನೂ ಮೂವರ ಉತ್ತರದಲ್ಲಿ, ಗೈಡಿನ ವಾಕ್ಯಗಳ ಸಂದಿಯಲ್ಲಿ, ಅವರದೇ ಒಂದೊಂದು ಸಾಲು ಸಿಕ್ಕಿತು. ‘ದೋಣಿಯು ಬದುಕಿನ ಸಂಕೇತ. ಮಡ್ಲು ಹೊದಿಸಿದರೂ ಒಳಗೆ ನೀರು ಸೋರುತ್ತದೆ’ ಎಂದು ಒಬ್ಬ ಬರೆದಿದ್ದ. ಮೊದಲ ಸಲ ನಾನು ಮೊದಲ ವಾಕ್ಯಕ್ಕೆ ಸರಿ ಹಾಕಿ ಎರಡನೆಯದನ್ನು ಬಿಟ್ಟಿದ್ದೆ. ಪಟ್ಟಿ ಒಪ್ಪಿಸಿ ಪೂರ್ಣಾಂಕ ಪಡೆದವರ ಅಂಕ ಕಡಿಮೆ ಮಾಡಲಿಲ್ಲ. ಅವರು ಮಾಡಿದ್ದು ನಾನು ಕಲಿಸಿದ್ದನ್ನೇ.

ದೊಡ್ಡ ತೊಡಕು ಬೇರೆ ಇದೆ. ಮುಂದಿನ ವರ್ಷ ಈ ಮಕ್ಕಳು ಎಸ್ಸೆಸ್ಸೆಲ್ಸಿಗೆ ಕೂರುತ್ತಾರೆ, ಪತ್ರಿಕೆ ತಿದ್ದುವವರು ಇವರ ಮನೆ ನೋಡಿದವರಲ್ಲ. ‘ಸಾಲದವರು ಬಂದಾಗ ಹೀಗೆ ಮಾಡುತ್ತಾರೆ’ ಎಂಬ ವಾಕ್ಯ ಅವರ ಕೈಗೆ ಸಿಕ್ಕರೆ ನಾನು ಮಾಡಿದ್ದನ್ನೇ ಅವರೂ ಮಾಡಿಯಾರು. ಅದಕ್ಕೆ ನಾವು ಒಂದು ಹದ ಮಾಡಿಕೊಂಡೆವು. ಮೊದಲು ಪದ್ಯದಲ್ಲಿ ನಡೆದದ್ದನ್ನು ಒಂದೆರಡು ವಾಕ್ಯದಲ್ಲಿ ಹೇಳುವುದು. ಆಮೇಲೆ ಒಂದು ಶಬ್ದವನ್ನು ಉದ್ಧರಣ ಚಿಹ್ನೆಯೊಳಗೆ ಎತ್ತಿಕೊಂಡು, ಇದೇ ಶಬ್ದ ಯಾಕೆ ಎಂದು ವಿವರಿಸುವುದು. ಅಲ್ಲಿಂದ ಹೊಳೆದ ಅರ್ಥಕ್ಕೆ ಹೋಗುವುದು. ‘ಸಂಕೇತ’, ‘ಪ್ರತೀಕ’ ಎಂಬ ಮಾತು ಬೇಕಾದರೆ ಕೊನೆಗೆ ಬರಲಿ, ತಿದ್ದುವವರ ಸಮಾಧಾನಕ್ಕೆ. ಆ ಹುಡುಗಿ ಹೀಗೆ ತಿರುಗಿ ಬರೆದಳು. ಉತ್ತರ ಸುಭದ್ರವಾಯಿತು, ಮೊದಲಿನ ಬಿಸಿ ಹೋಯಿತು. ನನಗೆ ಮೊದಲಿನದೇ ಇಷ್ಟ. ಅವಳಿಗೆ ಹೇಳಲಿಲ್ಲ.

ಬದಲಾಗದವರೂ ಇದ್ದಾರೆ. ಪೂರ್ಣಾಂಕದವರಲ್ಲಿ ಒಬ್ಬ, ಓದಿನಲ್ಲಿ ಮುಂದಿರುವ ಹುಡುಗ, ಈ ಆಟವನ್ನೆಲ್ಲ ಕೈಕಟ್ಟಿ ನೋಡುತ್ತಿದ್ದ. ಕೊನೆಗೆ, “ಸರ್, ಪರೀಕ್ಷೆಗೆ ಯಾವುದು ಬರೀಬೇಕು ಅಷ್ಟು ಹೇಳಿ” ಎಂದ. ಅವನ ಅಮ್ಮನೂ ಬಂದು ಅದನ್ನೇ ಕೇಳಿದರು. ಅವರನ್ನು ತಪ್ಪೆನ್ನಲು ನನ್ನಿಂದಾಗದು. ಬಾಯಿಪಾಠವೇ ಅವನನ್ನು ಇಲ್ಲಿಯವರೆಗೆ ತಂದಿದೆ.

ಅರ್ಧವಾರ್ಷಿಕಕ್ಕೆ ಮುಂಚೆ ಇನ್ನೊಂದು ಕಿರುಪರೀಕ್ಷೆ ಮಾಡಿದೆ. ಈ ಸಲದ ಪದ್ಯವೂ ನನ್ನದೇ, ಮಾದರಿ ಉತ್ತರ ಮಾತ್ರ ಬರೆಯಲಿಲ್ಲ:

ಸಂತೆಗೆ ಹೊರಟ ಅಜ್ಜಿಯ ಬುಟ್ಟಿಯಲ್ಲಿ ಉಪ್ಪು.
ದಾರಿಯಲ್ಲಿ ಮಳೆ.
ಮನೆಗೆ ಬಂದಾಗ ಬುಟ್ಟಿ ಹಗುರ,
ಸೀರೆ ಭಾರ.

ಉಪ್ಪಿಗೆ ನಮ್ಮಲ್ಲಿ ಅರ್ಥಗಳಿಗೆ ಬರವಿಲ್ಲ. ಉಪ್ಪುಂಡ ಮನೆಯ ಋಣ ಇದೆ, ಕಣ್ಣೀರಿನ ಉಪ್ಪು ಇದೆ, 1930ರಲ್ಲಿ ಇದೇ ಅಂಕೋಲೆಯಲ್ಲಿ ನಡೆದ ಉಪ್ಪಿನ ಸತ್ಯಾಗ್ರಹವಿದೆ. ಎಲ್ಲವೂ ಬಂದವು. ಸತ್ಯಾಗ್ರಹ ಎಂದು ಬರೆದವಳಿಗೆ, ಪದ್ಯದಲ್ಲಿ ಎಲ್ಲಿದೆ ತೋರಿಸು ಎಂದು ಪಕ್ಕದಲ್ಲಿ ಬರೆದಿದ್ದೇನೆ.

ಕೈಕಟ್ಟಿ ಕೂತಿದ್ದ ಹುಡುಗನ ಪತ್ರಿಕೆ ಕೊನೆಗೆ ಸಿಕ್ಕಿತು. ಮೊದಲ ಸಾಲು ನಿರೀಕ್ಷಿಸಿದ್ದೇ: ‘ಉಪ್ಪು ಋಣದ ಸಂಕೇತವಾಗಿದೆ.’ ಅದರ ಮೇಲೆ ಅವನೇ ಅಡ್ಡಗೆರೆ ಎಳೆದಿದ್ದ, ಓದಲು ಬರುವಷ್ಟು ತೆಳ್ಳಗೆ. ಕೆಳಗೆ ಎರಡೇ ವಾಕ್ಯ ಇದ್ದವು. ‘ಅಜ್ಜಿ ಬುಟ್ಟಿಯನ್ನು ತಲೆಯ ಮೇಲೆ ಹೊತ್ತಿದ್ದಳು. ಕೈಯಲ್ಲಿ ಹಿಡಿದಿದ್ದರೆ ಉಪ್ಪು ನೀರಾಗಿ ದಾರಿಗೆ ಬೀಳುತ್ತಿತ್ತು, ಸೀರೆಗೆ ಬರುತ್ತಿರಲಿಲ್ಲ.’

ಸಂಕೇತಗಳನ್ನು ವಿವರಿಸಿಲ್ಲ. ಪತ್ರಿಕೆ ಎರಡು ದಿನದಿಂದ ಮೇಜಿನ ಮೇಲಿದೆ, ಅಂಕ ಇನ್ನೂ ಹಾಕಿಲ್ಲ.